ಕೃಷ್ಣೆ-ಭೀಮೆಯರ ನಡುವೆ: ನೀರಿನ ಪಾಲು ಮತ್ತು ಪಾಲುದಾರರು

ವಿಜಯಪುರ ಜಿಲ್ಲೆಯ ಭೂಪಟವನ್ನು ಎದುರಿಗೆ ಹರಡಿ ನೋಡಿದವರಿಗೆ ಒಂದು ಸೋಜಿಗ ಕಾಣದಿರದು. ಬಡಗಣ ಅಂಚಿನಲ್ಲಿ ಭೀಮೆ, ತೆಂಕಣ ಅಂಚಿನಲ್ಲಿ ಕೃಷ್ಣೆ, ನಡುವೆ ಸವಳು ನೀರಿನ ಡೋಣಿ. ಹಳೆಯ ತಾಲೂಕುಗಳ ಲೆಕ್ಕದಲ್ಲಿ ಹೇಳುವುದಾದರೆ ಇಂಡಿ, ಸಿಂದಗಿಗಳು ಭೀಮೆಯ ಮಗ್ಗುಲಿಗಿವೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳು ಕೃಷ್ಣೆಯ ಮಗ್ಗುಲಿಗಿವೆ. ಈ ನಾಲ್ಕರ ಒಡಲಿನಿಂದಲೇ ಈಚೆಗೆ ಚಡಚಣ, ಆಲಮೇಲ, ದೇವರಹಿಪ್ಪರಗಿ, ನಿಡಗುಂದಿ, ಕೊಲ್ಹಾರ, ತಾಳಿಕೋಟೆಗಳೆಂಬ ಹೊಸ ತಾಲೂಕುಗಳು ಹುಟ್ಟಿವೆ. ಎರಡು ಮಹಾನದಿಗಳ ಮಡಿಲಲ್ಲಿದ್ದೂ ಬರಗಾಲದ ಸೀಮೆಯೆಂಬ ಹೆಸರನ್ನು ಹೊತ್ತು ಬಂದ ನಾಡಿದು.

ಇದಕ್ಕೆ ಕಾರಣ ನಿಗೂಢವಾದುದೇನೂ ಅಲ್ಲ. ನದಿಗಳು ತಗ್ಗಿನಲ್ಲಿ ಹರಿಯುತ್ತವೆ, ಎರಿ ಹೊಲಗಳು ದಿನ್ನೆಯ ಮೇಲಿವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಹೇಳಿದ ವೇಳೆಗೆ ಬರುವುದಿಲ್ಲ. ಕೃಷ್ಣೆಯ ನೀರು ಮಹಾಬಳೇಶ್ವರದ ಕಡೆಯಿಂದಲೂ ಭೀಮೆಯ ನೀರು ಭೀಮಾಶಂಕರದ ಕಡೆಯಿಂದಲೂ ಬರತಕ್ಕದ್ದು. ಎರಡೂ ಸಹ್ಯಾದ್ರಿಯ ಮಳೆಯ ಮಕ್ಕಳು. ಬೇರೊಂದು ರಾಜ್ಯದಲ್ಲಿ ಸುರಿದ ಮಳೆ ಈ ನಾಲ್ಕು ತಾಲೂಕುಗಳ ಅಂಚನ್ನು ಸವರಿಕೊಂಡು, ಕೆಳಗೆ ಕಾದುಕೊಂಡಿರುವ ಮತ್ತೊಂದು ಸೀಮೆಗೆ ಹೋಗುತ್ತದೆ. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿಕೊಂಡವರು ತಮ್ಮ ಪಾಲನ್ನು ಯಾವ ನ್ಯಾಯದ ಮೇಲೆ ಕೇಳಬೇಕು? ಈ ಪ್ರಶ್ನೆ ಇಲ್ಲಿಯದಷ್ಟೇ ಅಲ್ಲದೆ ನೈಲ್, ಗಂಗಾ, ಸಿಂಧೂ ನದಿಗಳ ದಡದಲ್ಲಿರುವ ದೇಶಗಳದ್ದೂ ಆಗಿದೆ.

ಪಾಲಿನ ಮಾತಿಗೆ ಮುನ್ನ ಅಳತೆಯ ಮಾತು. ವೃತ್ತಪತ್ರಿಕೆಗಳಲ್ಲಿ ನಿತ್ಯವೂ ಕಾಣುವ ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಹತ್ತು ಸಾವಿರ ಎಕರೆ ಹೊಲವನ್ನು ಸಮತಟ್ಟು ಮಾಡಿ, ಸುತ್ತ ಒಡ್ಡು ಕಟ್ಟಿ, ಒಂದು ಟಿ.ಎಂ.ಸಿ. ನೀರನ್ನು ನಿಲ್ಲಿಸಿದರೆ ಅದು ಎರಡೂ ಕಾಲು ಅಡಿಗಿಂತ ತುಸು ಹೆಚ್ಚು ಆಳವಾಗುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಅಂಕಿಗಳು ಬರಿಯ ಅಂಕಿಗಳಾಗಿ ಉಳಿಯಲಾರವು.

ಕೃಷ್ಣೆಯ ನೀರನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹಿಡಿದವರು ಕೆಳಗಿನವರು. ವಿಜಯವಾಡದ ಆಣೆಕಟ್ಟು 1855ರಲ್ಲಿಯೇ ಮುಗಿದಿತ್ತು. ನಾಗಾರ್ಜುನಸಾಗರಕ್ಕೆ 1955ರ ಡಿಸೆಂಬರಿನಲ್ಲಿ ಜವಾಹರಲಾಲ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ಮೇಲ್ಗಡೆ ಮಹಾರಾಷ್ಟ್ರದಲ್ಲಿ ಕೊಯ್ನಾ ನದಿಯ ನೀರು ವಿದ್ಯುತ್ತಿಗಾಗಿ ಘಟ್ಟದ ಪಡುವಣಕ್ಕೆ ತಿರುಗಿತು. ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟುದು 1964ರ ಮೇ 22ರಂದು. ನಡುವಿನವರು ಎದ್ದು ಕೂರುವ ಹೊತ್ತಿಗೆ ಪಂಕ್ತಿಯ ಎರಡು ತುದಿಗಳಲ್ಲಿಯೂ ಊಟ ಅರ್ಧ ನಡೆದಿತ್ತು. ಈ ತಡಕ್ಕೆ ಒಂದು ಐತಿಹಾಸಿಕ ಕಾರಣವೂ ಉಂಟು. 1956ರ ವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದ ತೆಂಕಣ ಅಂಚಿನಲ್ಲಿತ್ತು. ರಾಜಧಾನಿಯ ದೃಷ್ಟಿ ಅಂಚಿನ ಊರುಗಳ ಮೇಲೆ ಬೀಳುವುದು ಯಾವ ಕಾಲದಲ್ಲಿಯೂ ವಿರಳವೇ.

ಸಂವಿಧಾನದ 262ನೆಯ ಅನುಚ್ಛೇದಕ್ಕೆ ಅನುಗುಣವಾಗಿ 1956ರಲ್ಲಿ ಅಂತರರಾಜ್ಯ ಜಲವಿವಾದಗಳ ಕಾಯಿದೆ ಬಂದಿತು. ಅದರಂತೆ 1969ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಆರ್. ಎಸ್. ಬಚಾವತ್ ಅವರ ಅಧ್ಯಕ್ಷತೆಯಲ್ಲಿ ಕೃಷ್ಣಾ ನ್ಯಾಯಮಂಡಳಿ ರಚಿತವಾಯಿತು. ಮಂಡಳಿಯು 1894ರಿಂದ 78 ವರ್ಷಗಳ ಹರಿವಿನ ದಾಖಲೆಗಳನ್ನು ಪರಿಶೀಲಿಸಿ, ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ನೆಚ್ಚಬಹುದಾದ ನೀರು 2060 ಟಿ.ಎಂ.ಸಿ. ಎಂದು ನಿರ್ಣಯಿಸಿತು. ಅದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ಪಾಲು ಮಾಡಿತು. ಹೊಲಗಳಿಂದ ಬಸಿದು ಮರಳಿ ಹೊಳೆ ಸೇರುವ ನೀರನ್ನೂ ಕೂಡಿಸಿದ ಮೇಲೆ ಕರ್ನಾಟಕದ ಪಾಲು 734 ಆಯಿತು. ವರದಿ ಬಂದುದು 1973ರ ಡಿಸೆಂಬರಿನಲ್ಲಿ; ರಾಜಪತ್ರದಲ್ಲಿ ಪ್ರಕಟವಾದುದು 1976ರ ಮೇ 31ರಂದು.

ಬಚಾವತ್ ಮಂಡಳಿಯ ಕೆಲಸದಲ್ಲಿ ಜನರು ಸಾಮಾನ್ಯವಾಗಿ ಗಮನಿಸದಿರುವ ಒಂದು ಭಾಗವುಂಟು. ಮಂಡಳಿಯು ಎರಡು ಬಗೆಯ ವ್ಯವಸ್ಥೆಗಳನ್ನು ಯೋಚಿಸಿತ್ತು. 'ಎ' ಯೋಜನೆಯಲ್ಲಿ ಪ್ರತಿ ರಾಜ್ಯಕ್ಕೆ ಇಂತಿಷ್ಟೆಂಬ ನಿಶ್ಚಿತ ಅಂಕಿ. ಹೆಚ್ಚಾಗಿ ಉಳಿದ ನೀರನ್ನು ಕೆಳಗಿನ ಆಂಧ್ರವು ಬಳಸಿಕೊಳ್ಳಬಹುದು, ಆದರೆ ಅದರ ಮೇಲೆ ಹಕ್ಕು ಹುಟ್ಟಲಾರದು. 'ಬಿ' ಯೋಜನೆಯಲ್ಲಿ ಕೃಷ್ಣಾ ಕಣಿವೆ ಪ್ರಾಧಿಕಾರವೆಂಬ ಒಂದು ಸಂಸ್ಥೆ. ನೀರು ಹೆಚ್ಚಾದ ವರ್ಷ ಹೆಚ್ಚಳವನ್ನೂ, ಕಡಿಮೆಯಾದ ವರ್ಷ ಕೊರತೆಯನ್ನೂ ಮೂವರೂ ಹಂಚಿಕೊಳ್ಳತಕ್ಕದ್ದು. ಎರಡನೆಯದಕ್ಕೆ ಎಲ್ಲ ರಾಜ್ಯಗಳ ಸಮ್ಮತಿ ಬೇಕಾಗಿತ್ತು. ಅದು ದೊರೆಯಲಿಲ್ಲ, 'ಎ' ಯೋಜನೆ ಮಾತ್ರ ಜಾರಿಗೆ ಬಂದಿತು. ಇದರ ಪರಿಣಾಮವನ್ನು ಒಂದು ಒಟ್ಟು ಕುಟುಂಬದ ಕಣಜಕ್ಕೆ ಹೋಲಿಸಬಹುದು. ಅಣ್ಣನಿಗೆ ಇಷ್ಟು ಚೀಲ, ತಮ್ಮನಿಗೆ ಇಷ್ಟು ಚೀಲವೆಂದು ಪತ್ರ ಬರೆದಾಯಿತು. ರಾಶಿಯೇ ಕಡಿಮೆಯಾದ ವರ್ಷ ಯಾರು ಎಷ್ಟು ಬಿಡಬೇಕೆಂಬುದನ್ನು ಮಾತ್ರ ಬರೆಯಲಿಲ್ಲ. ರಾಶಿ ಕಡಿಮೆಯಾಗುವ ವರ್ಷವೇ ಜಗಳದ ವರ್ಷವೆಂಬುದು ಒಕ್ಕಲುತನ ಬಲ್ಲ ಯಾರಿಗೂ ತಿಳಿದ ವಿಷಯ.

ಸಿಕ್ಕ ಪಾಲಿನಲ್ಲಿ 173 ಟಿ.ಎಂ.ಸಿ. ನೀರು ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲೆರಡು ಹಂತಗಳಿಗೆ ಮೀಸಲಾಯಿತು. ಆಲಮಟ್ಟಿಯಲ್ಲಿ ಸಂಗ್ರಹ, ಅದರ ಕೆಳಗೆ ನಾರಾಯಣಪುರದ ಬಸವಸಾಗರದಿಂದ ಕಾಲುವೆಗೆ ತಿರುವು. ನಾರಾಯಣಪುರ ಎಡದಂಡೆ ಕಾಲುವೆಯಿಂದ ಕವಲೊಡೆದು ಬಡಗಣಕ್ಕೆ ಸಾಗುವುದೇ ಇಂಡಿ ಶಾಖಾ ಕಾಲುವೆ. ಇದರ ಉದ್ದ ಸುಮಾರು 170 ಕಿಲೋಮೀಟರ್. ಕೃಷ್ಣೆಯ ನೀರು ಹೀಗೆ ನೂರಾರು ಹಳ್ಳಿಗಳನ್ನು ಬಳಸಿಕೊಂಡು ಭೀಮೆಯ ಮಗ್ಗುಲಿನ ಸಿಂದಗಿ, ಇಂಡಿಗಳ ಹೊಲಗಳಿಗೆ ಬರುತ್ತದೆ. ಒಂದು ನದಿಯ ನೀರನ್ನು ಇನ್ನೊಂದು ನದಿಯ ಸೀಮೆಗೆ ಒಯ್ಯುವುದು ಸರಿಯೇ ಎಂಬ ಶಂಕೆ ಏಳಬಹುದು. ಭೀಮೆಯೂ ಕಡೆಗೆ ಕೃಷ್ಣೆಯನ್ನೇ ಸೇರುವುದರಿಂದ ಎರಡೂ ಒಂದೇ ಕೊಳ್ಳದ ಅಂಗಗಳು. ಪಾಲು ಕೊಟ್ಟುದು ಇಡೀ ಕೊಳ್ಳಕ್ಕೆ.

ಈ ನೀರಿಗೆ ಬೆಲೆ ತೆತ್ತವರು ಬೇರೆ ಊರಿನವರು. ಗಡಿಗೆಯ ಮೊಸರಿಗೆ ಹೆಸರಾದ ಕೊಲ್ಹಾರದ ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಬಿಟ್ಟುಕೊಟ್ಟು ಮೇಲಕ್ಕೆ ಸರಿಯಿತು. ಬಾಗಲಕೋಟೆಯ ತಗ್ಗಿನ ಓಣಿಗಳ ಜನ ನವನಗರಕ್ಕೆ ಹೋದರು. ಕೃಷ್ಣಾ-ಮಲಪ್ರಭೆಯರ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವು ನಾರಾಯಣಪುರದ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತಲೂ ಬಾವಿಯಂತಹ ಗೋಡೆ ಕಟ್ಟಬೇಕಾಯಿತು. ಇಂಡಿಯ ಹೊಲಕ್ಕೆ ನೀರು ಹರಿಯುವಾಗ ಬಾಗೇವಾಡಿ ಸೀಮೆಯ ಹೊಲ ಮುಳುಗಿರುತ್ತದೆಂಬುದು ಯೋಜನೆಗಳ ವರದಿಗಳಲ್ಲಿ ಒಂದು ಸಾಲಾಗಿ ಬರುತ್ತದೆ. ಹೊಲದ ಒಡೆಯನಿಗೆ ಅದು ಒಂದು ಸಾಲಲ್ಲ.

ಆಲಮಟ್ಟಿಯ ಎತ್ತರ ದೊಡ್ಡ ವಿವಾದವಾಯಿತು. ಸರ್ವೋಚ್ಚ ನ್ಯಾಯಾಲಯವು 2000ದ ಏಪ್ರಿಲ್ 25ರ ತೀರ್ಪಿನಲ್ಲಿ 519.6 ಮೀಟರ್ ವರೆಗೆ ನೀರು ನಿಲ್ಲಿಸಲು ಒಪ್ಪಿತು. ಆ ಮಟ್ಟದಲ್ಲಿ ಸಂಗ್ರಹ ಸುಮಾರು 123 ಟಿ.ಎಂ.ಸಿ. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಈ ಮಧ್ಯೆ 2004ರಲ್ಲಿ ನೇಮಕವಾದ ನ್ಯಾಯಮೂರ್ತಿ ಬ್ರಿಜೇಶ ಕುಮಾರ ಅವರ ಎರಡನೆಯ ಮಂಡಳಿಯು 2010ರ ಡಿಸೆಂಬರಿನಲ್ಲಿ 524.256 ಮೀಟರ್ ಎತ್ತರಕ್ಕೆ ಅನುಮತಿ ನೀಡಿ, ಯೋಜನೆಯ ಮೂರನೆಯ ಹಂತಕ್ಕೆ 130 ಟಿ.ಎಂ.ಸಿ. ನೀರನ್ನು ಗೊತ್ತುಮಾಡಿತು. 2013ರ ಪರಿಷ್ಕರಣದ ಬಳಿಕ ಕರ್ನಾಟಕದ ಒಟ್ಟು ಪಾಲು 907 ಟಿ.ಎಂ.ಸಿ. ಆದರೆ 2011ರ ಸೆಪ್ಟೆಂಬರಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಈ ತೀರ್ಪನ್ನು ರಾಜಪತ್ರದಲ್ಲಿ ಪ್ರಕಟಿಸದಂತೆ ತಡೆದಿತ್ತು. ರಾಜಪತ್ರದಲ್ಲಿ ಪ್ರಕಟವಾಗದ ತೀರ್ಪು ಜಾರಿಗೆ ಬರುವುದಿಲ್ಲ. 2014ರಲ್ಲಿ ತೆಲಂಗಾಣ ಬೇರೆಯಾದಾಗ ಪಾಲುದಾರರ ಸಂಖ್ಯೆಯೂ ನಾಲ್ಕಾಯಿತು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಪೂರ್ಣ ಫಲ ಈ ಮೂರನೆಯ ಹಂತದ ನೀರನ್ನೇ ನೆಚ್ಚಿರುವುದರಿಂದ, ದೂರದ ದಿಲ್ಲಿಯ ಆ ಒಂದು ಆದೇಶವು ಬಾಗೇವಾಡಿ, ಮುದ್ದೇಬಿಹಾಳಗಳ ಒಣ ಕಾಲುವೆಗಳಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಪರದೇಶಗಳ ಮಾತು. ತನ್ನ ನೆಲದ ಮೇಲೆ ಹರಿಯುವ ನೀರು ತನ್ನದೇ, ಕೆಳಗಿನವರಿಗೆ ಉತ್ತರ ಹೇಳಬೇಕಾಗಿಲ್ಲವೆಂಬ ವಾದವನ್ನು 1895ರಲ್ಲಿ ಅಮೆರಿಕೆಯ ಅಟಾರ್ನಿ ಜನರಲ್ ಹಾರ್ಮನ್ ಎಂಬವರು ಮೆಕ್ಸಿಕೋ ದೇಶದ ವಿರುದ್ಧ ಮುಂದಿಟ್ಟರು. ಆದರೆ 1906ರಲ್ಲಿ ಅಮೆರಿಕೆಯೇ ಮೆಕ್ಸಿಕೋಕ್ಕೆ ರಿಯೊ ಗ್ರಾಂಡ್ ನದಿಯ ನೀರು ಬಿಡುವ ಒಪ್ಪಂದಕ್ಕೆ ಸಹಿ ಮಾಡಿತು. 1966ರ ಹೆಲ್ಸಿಂಕಿ ನಿಯಮಗಳು ನ್ಯಾಯೋಚಿತ ಹಂಚಿಕೆಯ ತತ್ವವನ್ನು ಮುಂದಿಟ್ಟವು. 1997ರಲ್ಲಿ ವಿಶ್ವಸಂಸ್ಥೆಯು ಇದೇ ತತ್ವದ ಮೇಲೆ ಅಂತರರಾಷ್ಟ್ರೀಯ ನದಿಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ನೈಲ್ ನೀರನ್ನು ತಮ್ಮಿಬ್ಬರಲ್ಲಿಯೇ ಹಂಚಿಕೊಂಡವು. ನೀರಿನ ದೊಡ್ಡ ಭಾಗ ಹುಟ್ಟುವ ಇಥಿಯೋಪಿಯವನ್ನು ಆ ಮಾತುಕತೆಗೆ ಕರೆಯಲೇ ಇಲ್ಲ. ಆ ಗಾಯ ಇಂದಿಗೂ ಮಾಯ್ದಿಲ್ಲ. 1960ರ ಸಿಂಧೂ ಒಪ್ಪಂದವು ನೀರನ್ನು ಹಂಚದೆ ನದಿಗಳನ್ನೇ ಹಂಚಿತು: ಮೂಡಣ ಮೂರು ಭಾರತಕ್ಕೆ, ಪಡುವಣ ಮೂರು ಬಹುಮಟ್ಟಿಗೆ ಪಾಕಿಸ್ತಾನಕ್ಕೆ. ಅನೇಕ ಯುದ್ಧಗಳ ನಡುವೆಯೂ ಬಾಳಿದ ಅದನ್ನು 2025ರ ಏಪ್ರಿಲಿನಲ್ಲಿ ಭಾರತವು ಅಮಾನತ್ತಿನಲ್ಲಿಟ್ಟಿತು.

ಇವೆಲ್ಲಕ್ಕಿಂತ ಇಂಡಿ, ಸಿಂದಗಿಗಳವರು ತಿಳಿಯಬೇಕಾದುದು ಭಾರತ-ಬಾಂಗ್ಲಾದೇಶಗಳ ಗಂಗಾ ಒಪ್ಪಂದ. 1996ರ ಡಿಸೆಂಬರ್ 12ರಂದು ಮೂವತ್ತು ವರ್ಷಗಳ ಅವಧಿಗೆ ಆದ ಆ ಒಪ್ಪಂದವು ಇಡೀ ವರ್ಷದ ನೀರನ್ನು ಎಣಿಸಲು ಹೋಗಲಿಲ್ಲ. ಮಳೆಗಾಲದಲ್ಲಿ ಹೇಗೂ ಇಬ್ಬರಿಗೂ ಸಾಕು. ಜನವರಿ 1ರಿಂದ ಮೇ 31ರ ವರೆಗಿನ ಬೇಸಗೆಯನ್ನು ಮಾತ್ರ ಹಿಡಿದು, ಅದನ್ನು ಹತ್ತು ಹತ್ತು ದಿನಗಳ ಕಂತುಗಳಾಗಿ ವಿಂಗಡಿಸಿತು. ಫರಕ್ಕಾದಲ್ಲಿ 70,000 ಕ್ಯುಸೆಕ್ ಅಥವಾ ಅದಕ್ಕೂ ಕಡಿಮೆ ನೀರಿದ್ದರೆ ಇಬ್ಬರಿಗೂ ಸಮಪಾಲು. ಮಾರ್ಚ್ 11ರಿಂದ ಮೇ 10ರ ವರೆಗಿನ ಕಡುಬೇಸಗೆಯಲ್ಲಿ ಒಂದು ಕಂತು ಒಬ್ಬರಿಗೆ, ಮುಂದಿನ ಕಂತು ಇನ್ನೊಬ್ಬರಿಗೆ ಎಂಬಂತೆ ಸರದಿಯ ಮೇಲೆ 35,000 ಕ್ಯುಸೆಕ್ ಖಚಿತ. ಕೊರತೆಯ ದಿನಗಳಿಗೇ ನಿಯಮ ಬರೆದುದು ಇದರ ವಿಶೇಷ.

ಭೀಮೆಯ ದಡದಲ್ಲಿ ಇಲ್ಲದಿರುವುದು ಇಂತಹ ನಿಯಮವೇ. ಬಚಾವತ್ ತೀರ್ಪಿನಂತೆ ಭೀಮೆಯ ಮುಖ್ಯ ಹರಿವಿನಿಂದ ಮಹಾರಾಷ್ಟ್ರವು 95 ಟಿ.ಎಂ.ಸಿ.ಗಿಂತಲೂ ಕರ್ನಾಟಕವು 15 ಟಿ.ಎಂ.ಸಿ.ಗಿಂತಲೂ ಹೆಚ್ಚು ಬಳಸುವಂತಿಲ್ಲ. ಇದು ಜೂನ್ 1ರಿಂದ ಮುಂದಿನ ಮೇ 31ರ ವರೆಗಿನ ಇಡೀ ಜಲವರ್ಷದ ಲೆಕ್ಕ. ವರ್ಷದ ಲೆಕ್ಕ ಸರಿಯಾಗಿಯೇ ಇರಬಹುದು. ಸೆಪ್ಟೆಂಬರಿನಲ್ಲಿ ದಡ ಮೀರಿ ಬಂದ ಮಹಾಪೂರವೂ ಅದರಲ್ಲಿ ಸೇರಿರುತ್ತದೆ. ಮಾರ್ಚ್ ತಿಂಗಳಲ್ಲಿ ಭೀಮೆಯ ಪಾತ್ರ ಒಣಗಿ, ದನಕರುಗಳಿಗೆ ನೀರಿಲ್ಲದಾದಾಗ, ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಡಿರೆಂದು ಕರ್ನಾಟಕ ಸರಕಾರವು ಪತ್ರ ಬರೆದು ಕೇಳಿಕೊಳ್ಳುತ್ತದೆ. ಕೊಟ್ಟರೆ ಸೌಜನ್ಯ, ಕೊಡದಿದ್ದರೆ ತೀರ್ಪಿನ ಉಲ್ಲಂಘನೆಯೇನೂ ಇಲ್ಲ. ಗಡಿಯಾಚೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ಇದೇ ಬಾಯಾರಿಕೆಯಲ್ಲಿವೆ. ಕರ್ನಾಟಕದ ತುಬಚಿ-ಬಬಲೇಶ್ವರ ಏತ ಯೋಜನೆಯಿಂದ ಅವರಿಗೆ ನೀರು ಕೊಡುವುದು, ಪ್ರತಿಯಾಗಿ ಬೇಸಗೆಯಲ್ಲಿ ಮಹಾರಾಷ್ಟ್ರವು ತನ್ನ ಜಲಾಶಯಗಳಿಂದ ಕೃಷ್ಣೆಗೆ ನೀರು ಬಿಡುವುದು ಎಂಬ ಕೊಡುಕೊಳ್ಳುವಿಕೆಯ ಪ್ರಸ್ತಾಪ ಎರಡು ರಾಜ್ಯಗಳ ನಡುವೆ ಅನೇಕ ಸಲ ಬಂದಿದೆ. ಮಂಡಳಿಗಳ ಸಹಸ್ರಾರು ಪುಟಗಳಿಗಿಂತ ಈ ಸರಳ ವಿಚಾರವೇ ಹೆಚ್ಚು ವ್ಯವಹಾರಜ್ಞಾನದ್ದೆಂದು ಹೇಳಬೇಕಾಗುತ್ತದೆ.

ಮೇಲಿನವರು, ಕೆಳಗಿನವರು ಎಂಬ ಭೇದ ರಾಜ್ಯದ ಗಡಿಯಲ್ಲಿ ಮುಗಿಯುವುದಿಲ್ಲ. ಒಂದೇ ಕಾಲುವೆಯ ಮೇಲೆಯೂ ಅದು ನಿಂತಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದುದು ಜೋಳ, ತೊಗರಿ, ಶೇಂಗಾ, ಹತ್ತಿಗಳಂತಹ ಅರೆ ನೀರಾವರಿ ಬೆಳೆಗಳಿಗಾಗಿ. ಸ್ವಲ್ಪ ನೀರು ಬಹಳ ಜನರಿಗೆ ತಲುಪಲೆಂಬುದು ಅದರ ಉದ್ದೇಶ. ನೀರು ಕಂಡೊಡನೆ ಕಾಲುವೆಯ ಮೊದಲ ಭಾಗದವರು ಬತ್ತ, ಕಬ್ಬುಗಳಿಗೆ ಕೈಹಾಕಿದರು. ಮೇಲಿನ ಹೊಲಗಳಲ್ಲಿ ನೀರು ನಿಂತು ಎರಿ ಸವಳಾಗುವಾಗ ಕಡೆಯ ಹೊಲಗಳಲ್ಲಿ ಕಾಲುವೆಯ ತಳ ಬಿರಿಯಿತು. ಇಂಡಿಯ ಕೊನೆಯ ತೂಬಿನ ರೈತನು ಕಾಲುವೆಯ ಮೇಲಿನವರ ಮೇಲೆ ಹೊರಿಸುವ ದೂರು, ಆಂಧ್ರವು ಕರ್ನಾಟಕದ ಮೇಲೆಯೂ ಕರ್ನಾಟಕವು ಮಹಾರಾಷ್ಟ್ರದ ಮೇಲೆಯೂ ಹೊರಿಸುವ ದೂರಿಗಿಂತ ಒಂದಕ್ಷರವೂ ಬೇರೆಯಲ್ಲ. ಹಾರ್ಮನ್ ಸಾಹೇಬರ ವಾದವನ್ನು ಅವರ ಹೆಸರು ಕೇಳದೆಯೇ ಆಚರಿಸುವವರು ಪ್ರತಿ ತೂಬಿನ ಬಳಿಯಲ್ಲಿಯೂ ಇದ್ದಾರೆ.

ಇದಕ್ಕೆ ಉಪಾಯಗಳನ್ನು ಮಾಡದೆ ಇಲ್ಲ. 1994ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮವು ನಾರಾಯಣಪುರ ಎಡದಂಡೆಯ ಕಾಲುವೆಜಾಲದ ಗೇಟುಗಳನ್ನು ಯಂತ್ರಗಣಕದ ನಿಯಂತ್ರಣಕ್ಕೆ ತಂದಿದೆ. 1965ರ ನೀರಾವರಿ ಕಾಯಿದೆಗೆ 2000ದಲ್ಲಿ ಬಂದ ತಿದ್ದುಪಡಿಯಂತೆ ರೈತರೇ ನೀರು ಬಳಕೆದಾರರ ಸಹಕಾರ ಸಂಘಗಳನ್ನು ಕಟ್ಟಿಕೊಂಡು, ನೀರನ್ನು ಅಳತೆಯ ಮೇಲೆ ಪಡೆದು ತಮ್ಮೊಳಗೆ ಸರದಿಯಂತೆ ಹಂಚಿಕೊಳ್ಳಬಹುದಾಗಿದೆ. ಅಳತೆಯ ಸಾಧನವು ತೂಬಿನ ಬಳಿ ಇರುವಲ್ಲಿ ಮಾತ್ರ ಈ ಸಂಘಗಳಿಗೆ ಬಲ; ಉಳಿದ ಕಡೆ ಅವು ನಾಮಫಲಕಗಳಾಗಿಯೇ ನಿಲ್ಲುತ್ತವೆ. ಹಂಗಾಮಿನ ಆರಂಭದಲ್ಲಿ ನೀರಾವರಿ ಸಲಹಾ ಸಮಿತಿಯು ಸಭೆ ಸೇರಿ, ಕಾಲುವೆಗೆ ಇಷ್ಟು ದಿನ ನೀರು ಚಾಲೂ, ಇಷ್ಟು ದಿನ ಬಂದ್ ಎಂಬ ವಾರಾಬಂದಿಯನ್ನು ಸಾರುತ್ತದೆ. ಜಲಾಶಯದಲ್ಲಿ ಎಷ್ಟು ಟಿ.ಎಂ.ಸಿ. ನೀರಿದೆಯೆಂಬುದು ಮರುದಿನದ ಪತ್ರಿಕೆಗಳಲ್ಲಿ ಬರುತ್ತದೆ. ಇಂಡಿ ಶಾಖಾ ಕಾಲುವೆಯ ಕಡೆಯ ಹಳ್ಳಿಗಳಲ್ಲಿ ಜನ ಕೇಳುವುದು ನೀರು ಯಾವ ತಾರೀಖಿಗೆ ತಮ್ಮ ತೂಬು ಮುಟ್ಟುತ್ತದೆ, ಮುಟ್ಟಿದ ಮೇಲೆ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು.