ಸುಣ್ಣ ಬಳಿಯುವ ಮುನ್ನ

ಮುಂಗಾರು ಇಳಿದು ಆಶ್ವೀಜ ಕಾಲಿಟ್ಟೊಡನೆ ಕೊಡಗಿನ ಮನೆಗಳಲ್ಲಿ ಪಾಚಿಗಟ್ಟಿದ ಅಂಗಳವನ್ನು ಉಜ್ಜಿ, ಬೂಷ್ಟು ಹಿಡಿದ ಗೋಡೆಗಳಿಗೆ ಸುಣ್ಣ ಬಳಿಸಿ, ಮಹಾನವಮಿಗೂ ದೀಪಾವಳಿಗೂ ಅಣಿಯಾಗುವುದು ರೂಢಿ. ಸುಣ್ಣ ಬಳಿಯುವ ಒಂದು ದಿನ ಮೊದಲು ಯಜಮಾನರೂ ಗೃಹಿಣಿಯೂ ಜೊತೆಗೂಡಿ ಮನೆಯನ್ನು ಒಳಗೂ ಹೊರಗೂ ಒಮ್ಮೆ ಸುತ್ತಿ ನೋಡಬೇಕೆಂದು ನಮ್ಮ ವಿನಂತಿ. ಮಳೆಗಾಲವು ಮನೆಗೆ ಮಾಡಿದ ಗಾಯಗಳು ಆಗ ಕಣ್ಣಿಗೆ ಬೀಳುತ್ತವೆ; ಸುಣ್ಣ ಬಿದ್ದ ಮೇಲೆ ಮರೆಯಾಗುತ್ತವೆ.

2018ರ ಆಗಸ್ಟ್ ಮಧ್ಯಭಾಗದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಗಳಲ್ಲಿ ಗುಡ್ಡಗಳು ಜಾರಿ ಮನೆಗಳನ್ನೂ ತೋಟಗಳನ್ನೂ ಕೊಚ್ಚಿಕೊಂಡು ಹೋದುದನ್ನು ಯಾರು ಮರೆತಾರು? ಮರುವರ್ಷ ವಿರಾಜಪೇಟೆ ಸೀಮೆಯ ತೋರ ಗ್ರಾಮ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಅರ್ಚಕರ ಮನೆ. ಅತಿವೃಷ್ಟಿಯೇ ಮೊದಲ ಕಾರಣವೆಂಬುದು ನಿಜ. ಆದರೆ ರಸ್ತೆಗೂ ಮನೆಯ ನಿವೇಶನಕ್ಕೂ ಇಳಿಜಾರನ್ನು ನೆಟ್ಟಗೆ ಕಡಿದದ್ದು, ನೀರಿನ ಸಹಜ ದಾರಿಯನ್ನು ಕಟ್ಟಿದ್ದು ಮಣ್ಣನ್ನು ಸಡಿಲಿಸಿತೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಈ ಎರಡನೆಯ ಕಾರಣ ನಮ್ಮ ಕೈಯೊಳಗಿನದು.

ಆದ್ದರಿಂದ ತಪಾಸಣೆಯು ಮನೆಯ ಹಿಂದಿನ ಬರೆಯಿಂದಲೇ ಆರಂಭವಾಗಲಿ. ಬರೆಯ ನೆತ್ತಿಯ ಮೇಲೆ ನೆಲ ಬಿರಿದಿದೆಯೇ? ಕಳೆದ ವರ್ಷ ನೆಟ್ಟಗಿದ್ದ ಸಿಲ್ವರ್ ಓಕ್ ಮರ ಈಗ ಮನೆಯತ್ತ ವಾಲಿದೆಯೇ? ಬುಡದಲ್ಲಿ ಹಿಂದೆಂದೂ ಇಲ್ಲದ ಜಲ ಕೆಂಪಗೆ ಒಸರುತ್ತಿದೆಯೇ? ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಬಿಗಿದುಕೊಂಡು, ಗೋಡೆಯಲ್ಲಿ ಓರೆಯಾದ ಬಿರುಕು ಬಿಟ್ಟಿದೆಯೇ? ಇವು ಕಂಡರೆ ಗಾರೆ ಮೆತ್ತಿ ಸುಮ್ಮನಾಗಬಾರದು. ಬಲ್ಲ ಇಂಜಿನಿಯರರಿಗೆ ತೋರಿಸಿ, ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಬೇಕು. ತಡೆಗೋಡೆಯಿದ್ದವರು ಅದರಲ್ಲಿ ನೀರು ಹೊರಬರಲು ಬಿಟ್ಟ ಕಂಡಿಗಳನ್ನು ಕಡ್ಡಿಯಾಡಿಸಿ ಬಿಡಿಸಲಿ. ಹಿಂದೆ ನೀರು ನಿಂತರೆ ಎಂಥ ಗೋಡೆಯೂ ಮಗುಚುತ್ತದೆ. ಚಿತ್ತಾ, ಸ್ವಾತಿ ಮಳೆಗಳು ಇನ್ನೂ ಬಾಕಿಯಿವೆ ಎಂಬುದು ನೆನಪಿರಲಿ. ಅವು ಸಿಡಿಲನ್ನೂ ಜೊತೆಗೆ ತರುತ್ತವೆ.

ಒಳಗಿನ ಕೆಲಸ ಹೆಚ್ಚಿಲ್ಲ. ಒಡೆದ ಹೆಂಚು, ಗೆದ್ದಲು ಹತ್ತಿದ ತೊಲೆ, ತೇವ ಹೀರಿದ ಗೋಡೆಯೊಳಗಿನ ವಿದ್ಯುತ್ ತಂತಿ, ಅರ್ಥಿಂಗ್, ಇವನ್ನು ಬಲ್ಲವರಿಂದ ನೋಡಿಸಬೇಕು. ಅಡುಗೆ ಅನಿಲದ ಕೊಳವೆಯ ಮೇಲೆ ಇಸವಿ ಅಚ್ಚಾಗಿರುತ್ತದೆ. ಐದು ವರ್ಷ ಕಳೆದಿದ್ದರೆ ಬದಲಿಸಬೇಕು. ಚಳಿಗೆಂದು ಬಾಗಿಲು ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯಲ್ಲಿಟ್ಟು ಮಲಗುವುದು ಮಾತ್ರ ಸರ್ವಥಾ ಕೂಡದು. ಅದರಿಂದ ಹೊರಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನು ವಿಮೆಯ ವಿಚಾರ. ಈ ಮಾತೆತ್ತಿದರೆ ಹಿರಿಯರು ಕೆಲವರು, “ಶಿವನು ಕೊಟ್ಟದ್ದನ್ನು ಶಿವನೇ ಕಾಯುತ್ತಾನೆ, ಕಾಗದ ಕಾಯುತ್ತದೆಯೇ?” ಎಂದು ಕೇಳುವುದುಂಟು. ಅವರ ನಿಷ್ಠೆಗೆ ನಮ್ಮ ಶರಣು. ಆದರೆ ಕಾಯಕದಿಂದ ಕಟ್ಟಿದ ಮನೆಯನ್ನು ಕಾಪಾಡಿಕೊಳ್ಳುವುದೂ ಕಾಯಕವೇ ಅಲ್ಲವೇ? ಹಲವರು ಸೇರಿ ಹಾಕಿದ ಹಣವು ಕಷ್ಟಕ್ಕೆ ಸಿಕ್ಕ ಒಬ್ಬನನ್ನು ಎತ್ತುವ ಈ ವ್ಯವಸ್ಥೆಯಲ್ಲಿ ದಾಸೋಹ ಭಾವದ ಒಂದು ಎಳೆ ನಮಗಂತೂ ಕಾಣುತ್ತದೆ.

ವಿಮೆ ಇದೆಯೆಂದು ನಂಬಿ ನಿಶ್ಚಿಂತರಾಗಿರುವವರ ಸ್ಥಿತಿ ಇನ್ನೂ ನಾಜೂಕಿನದು. ನಾವೂ ಹಾಗೆಯೇ ಇದ್ದೆವು. ಗೃಹಸಾಲ ಪಡೆದಾಗ ಮಾಡಿಸಿದ್ದ ಪಾಲಿಸಿಯನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಸಾಲ ತೀರಿ ಎಷ್ಟೋ ಕಾಲದ ಮೇಲೆ ತೆರೆದು ನೋಡಿದರೆ, ಸಾಲದೊಡನೆ ಅದರ ಅವಧಿಯೂ ಮುಗಿದಿತ್ತು. ನಡುವೆ ಬಂದ ಮಳೆಗಾಲಗಳಲ್ಲಿ ನಮ್ಮ ಮನೆ ಉಳಿದದ್ದು ಗುರುಕೃಪೆ. ಓದುಗ ಬಂಧುಗಳು ಇಂದೇ ಪೆಟ್ಟಿಗೆ ತೆರೆದು ಕೊನೆಯ ದಿನಾಂಕವನ್ನು ನೋಡಲಿ.

2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಗೆ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆಯೊಡನೆ ಭೂಕುಸಿತವೂ ಇದರಲ್ಲಿ ಸೇರಿದೆ. ಕೊಡಗಿನವರಿಗೆ ಮುಖ್ಯವಾದುದು ಈ ಕೊನೆಯ ಪದವೇ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನುಗಳಿಗೂ ತಾನಾಗಿ ರಕ್ಷಣೆ ದೊರೆಯುತ್ತದೆ. ಮೊತ್ತ ನಿಗದಿ ಮಾಡುವಾಗ ನಿವೇಶನದ ಬೆಲೆಯನ್ನು ಸೇರಿಸಬೇಕಾಗಿಲ್ಲ, ಸಾಲದ ಬಾಕಿಯನ್ನೂ ನೋಡಬೇಕಾಗಿಲ್ಲ. ಅಂಥದೇ ಮನೆಯನ್ನು ಇಂದು ಮತ್ತೆ ಕಟ್ಟಲು ಏನು ತಗಲುವುದೋ ಅದನ್ನೇ ಬರೆಯಿಸಬೇಕು. ಜಾರಿಹೋದ ನೆಲಕ್ಕೆ, ಕಾಫಿ ಗಿಡಕ್ಕೆ, ಮೆಣಸಿನ ಬಳ್ಳಿಗೆ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ. ತುಂಬಿಸಿದ ಮಣ್ಣು ತಾನಾಗಿ ಕುಸಿದು ಕುಳಿತರೆ, ಹೊಸ ಕಟ್ಟಡ ಸಹಜವಾಗಿ ಕುಳಿತು ಬಿರುಕು ಬಿಟ್ಟರೆ, ಕಟ್ಟಿದ ಕೆಲಸವೇ ಕಳಪೆಯಾಗಿದ್ದರೆ, ಆ ನಷ್ಟವನ್ನೂ ಕೊಡುವುದಿಲ್ಲ. ಇಳಿಜಾರಿಗೆ ಮಣ್ಣು ತುಂಬಿ ಮನೆ ಕಟ್ಟಿದವರು ಈ ಷರತ್ತನ್ನು ಎರಡು ಬಾರಿ ಓದಿಕೊಳ್ಳಬೇಕು. ಏಜೆಂಟರ ಬಾಯಿಮಾತು ಸಾಲದು.

ಸುತ್ತಿ ನೋಡಿದ ದಿನವೇ ಮಗನೋ ಮೊಮ್ಮಗಳೋ ಮೊಬೈಲಿನಲ್ಲಿ ಪ್ರತಿ ಕೋಣೆಯ, ಮಾಡಿನ, ಬರೆಯ ಚಿತ್ರಗಳನ್ನು ತೆಗೆದು, ದೂರದ ಊರಿನಲ್ಲಿರುವ ಬಂಧುವೊಬ್ಬರಿಗೆ ಪಾಲಿಸಿಯ ಪ್ರತಿಯೊಡನೆ ಕಳುಹಿಸಿಡಲಿ. ಮನೆಯೊಡನೆ ಪೆಟ್ಟಿಗೆಯೂ ಹೋದರೆ ಆ ಪ್ರತಿಯೇ ಗತಿ. ಅನಾಹುತವಾದಲ್ಲಿ ಪ್ರಾಣ ಉಳಿಸಿಕೊಂಡ ಮೇಲೆ ಕಂಪನಿಗೆ ಕೂಡಲೇ ತಿಳಿಸಿ, ಸರ್ವೇಯರ್ ಬಂದು ನೋಡುವವರೆಗೆ ಬಿದ್ದುದನ್ನು ಆದಷ್ಟು ಕದಲಿಸದಿರಬೇಕು.