ಟೆಂಟಿನೊಳಗೆ ಕೆಂಡ ಇಡಬಹುದೇ? ಮಕ್ಕಳೊಂದಿಗೆ ಮೊದಲ ಕ್ಯಾಂಪಿಂಗ್‌ಗೆ ಹೊರಡುವ ಮುನ್ನ
ಡಿಸೆಂಬರ್ ರಜೆ ಬಂತೆಂದರೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ತೋಟಗಳ ಅಂಚಿನಲ್ಲಿ ಬಣ್ಣಬಣ್ಣದ ಟೆಂಟ್‌ಗಳು ಏಳುತ್ತವೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಮೊದಲ ಸಲ ಹೊರಟವರು ಸಾಮಾನ್ಯವಾಗಿ ಕೇಳುವುದು, ಹಾವು ಬಂದರೆ? ಚಿರತೆ ಬಂದರೆ? ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ರಾತ್ರಿ ಚಳಿಯಾದರೆ ಏನು ಮಾಡುತ್ತೀರಿ?

ಊಟ ಮುಗಿದು ಕ್ಯಾಂಪ್‌ಫೈರ್ ಆರುವ ಹೊತ್ತಿಗೆ ಚಳಿ ಏರುತ್ತದೆ. ಮಗು ಬೆಚ್ಚಗಿರಲಿ ಎಂದು ಯಾರೋ ಬಾರ್ಬೆಕ್ಯೂ ಒಲೆಯನ್ನೋ, ಕೆಂಡ ತುಂಬಿದ ಬಾಣಲೆಯನ್ನೋ ಟೆಂಟಿನೊಳಗೆ ಇಡುತ್ತಾರೆ. ಹೊಗೆ ಇಲ್ಲವಲ್ಲ, ಇನ್ನೇನು ಅಪಾಯ ಎಂಬುದು ಅವರ ಲೆಕ್ಕ.

ಈ ಲೆಕ್ಕ ಜೀವ ತೆಗೆಯಬಲ್ಲದು. ಕೆಂಡಕ್ಕೆ ಸಾಕಷ್ಟು ಆಮ್ಲಜನಕ ಸಿಗದಿದ್ದಾಗ ಇದ್ದಿಲು ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಆದರೆ ಮೆದುಳಿಗೆ ಆಮ್ಲಜನಕ ತಲುಪುವುದಿಲ್ಲ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುವುದರಿಂದ ಅವರಿಗೆ ವಿಷ ಬೇಗ ಏರುತ್ತದೆ. ತಲೆನೋವು, ವಾಂತಿ, ಮಂಪರು ಇದರ ಲಕ್ಷಣಗಳು. ಇಡೀ ದಿನ ಕುಣಿದ ಮಗು ತೂಕಡಿಸಿದರೆ ಯಾರಿಗೆ ತಾನೇ ಅನುಮಾನ ಬಂದೀತು?

ಜಿಪ್ ಅರ್ಧ ತೆರೆದಿಟ್ಟರೆ ಸಾಕು ಎಂಬುದೂ ತಪ್ಪು. ಆರಿದಂತೆ ಕಾಣುವ ಇದ್ದಿಲು ಕೂಡ ಗಂಟೆಗಟ್ಟಲೆ ಈ ಅನಿಲ ಬಿಡುತ್ತಿರುತ್ತದೆ. ಹಾಗಾಗಿ ಕೆಂಡ, ಗ್ಯಾಸ್ ಸ್ಟೌವ್ ಯಾವುದೂ ಒಳಗೆ ಬೇಡ, ಟೆಂಟಿನ ಬಾಗಿಲಲ್ಲೂ ಬೇಡ. ಸಂಶಯ ಬಂದರೆ ಎಲ್ಲರನ್ನೂ ತಕ್ಷಣ ಹೊರಗೆ ಕರೆತಂದು 108ಕ್ಕೆ ಕರೆ ಮಾಡಿ.

ಹಾಗಾದರೆ ಚಳಿಗೆ ಏನು? ನಾವು ಕಂಬಳಿಯ ಮೇಲೆ ಕಂಬಳಿ ಹೊದೆಸುತ್ತೇವೆ, ಆದರೆ ನೆಲ ನಮ್ಮ ಶಾಖವನ್ನು ಕೆಳಗಿನಿಂದ ಎಳೆದುಕೊಳ್ಳುತ್ತಲೇ ಇರುತ್ತದೆ. ಕಂಬಳಿ ಬೆಚ್ಚಗಿಡುವುದು ಅದರೊಳಗೆ ಸಿಕ್ಕಿಬಿದ್ದ ಗಾಳಿಯಿಂದ. ಮೈಭಾರಕ್ಕೆ ಅದು ಚಪ್ಪಟೆಯಾದರೆ ಗಾಳಿ ಉಳಿಯುವುದಿಲ್ಲ. ಒತ್ತಿದರೂ ಚಪ್ಪಟೆಯಾಗದ ದಪ್ಪ ಫೋಮ್ ಮ್ಯಾಟ್ ಹಾಸಿ. ಮಲಗುವ ಮುನ್ನ ಮಕ್ಕಳ ಬೆವರಿದ ಬಟ್ಟೆ ಬದಲಿಸಿ, ಒಣ ಸಾಕ್ಸ್ ಹಾಕಿ. ಹೊರಡುವ ವಾರದ ಮುಂಚೆ ಮನೆಯ ತಾರಸಿಯ ಮೇಲೆ ಒಂದು ರಾತ್ರಿ ಟೆಂಟ್‌ನಲ್ಲಿ ಮಲಗಿ ನೋಡಿ. ಏನು ಸಾಲದು ಎಂಬುದು ಅಲ್ಲೇ ಗೊತ್ತಾಗುತ್ತದೆ, ಮಕ್ಕಳಿಗೂ ಕತ್ತಲು ಅಭ್ಯಾಸವಾಗುತ್ತದೆ.

ಇನ್ನು ಹಾವು. ಟೆಂಟಿನ ಸುತ್ತ ಉಪ್ಪು ಚೆಲ್ಲಿದರೆ, ಬೆಳ್ಳುಳ್ಳಿ ನೀರು ಸಿಂಪಡಿಸಿದರೆ ಹಾವು ಬರುವುದಿಲ್ಲ ಎಂಬುದನ್ನು ನಂಬಿ ಕೂರಬೇಡಿ. ಪೂರ್ತಿ ಎಳೆದ ಜಿಪ್ ಇವೆಲ್ಲಕ್ಕಿಂತ ಒಳ್ಳೆಯ ಕಾವಲು. ತಿಂಡಿ ಒಳಗಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಹಾವಿನ ವಿಷಕ್ಕೆ ಔಷಧವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಮಲೆನಾಡಿಗೆ ಹೋಗುವವರು ಹಾವಿನಷ್ಟೇ ಗಮನ ಕೊಡಬೇಕಾದದ್ದು ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ನಮ್ಮ ರಜೆಯ ಕಾಲದಲ್ಲಿ, ಇದರ ಹಾವಳಿ ಹೆಚ್ಚು. ಮಕ್ಕಳಿಗೆ ತುಂಬು ತೋಳಿನ ಬಟ್ಟೆ ಹಾಕಿ, ಒಣ ಎಲೆಯ ರಾಶಿಯ ಮೇಲೆ ಕೂರಿಸಬೇಡಿ. ಸಂಜೆ ಕಿವಿಯ ಹಿಂಭಾಗ, ಕಂಕುಳು, ತೊಡೆಸಂದು ಪರೀಕ್ಷಿಸಿ. ಅಂಟಿಕೊಂಡ ಉಣುಗಿಗೆ ಸೀಮೆಎಣ್ಣೆ, ಬೆಂಕಿಕಡ್ಡಿಯ ಉಪಚಾರ ಬೇಡ. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಮನೆಗೆ ಮರಳಿದ ಒಂದೆರಡು ವಾರದಲ್ಲಿ ಯಾರಿಗಾದರೂ ಜ್ವರ, ತೀವ್ರ ತಲೆನೋವು ಬಂದರೆ ಯಾವ ಊರಿನ ಕಾಡಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.