ಊರ ಮನೆಯ ಕ್ಯಾಮೆರಾ: ಚಿತ್ರ ನಿಂತಾಗ ಏನು ಮಾಡಬೇಕು?

ಉದ್ಯೋಗನಿಮಿತ್ತ ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ವೃದ್ಧ ತಂದೆತಾಯಿಗಳು ಇಂದಿಗೂ ಊರಿನ ಮನೆಯಲ್ಲಿಯೇ ಇದ್ದಾರೆ. ಅವರ ಯೋಗಕ್ಷೇಮವನ್ನು ದೂರದಿಂದಲೇ ಅರಿಯುವ ಸಲುವಾಗಿ ಜಗಲಿಯಲ್ಲಿಯೋ ನಡುಮನೆಯಲ್ಲಿಯೋ ಅಂತರ್ಜಾಲ ಕ್ಯಾಮೆರಾವನ್ನು ಅಳವಡಿಸುವ ಪರಿಪಾಠ ಈಚೆಗೆ ಬೆಳೆದುಬಂದಿದೆ. ತಾಯಿಯವರು ತುಳಸಿಗೆ ನೀರೆರೆಯುವುದನ್ನು ಬೆಳಿಗ್ಗೆ ಫೋನಿನಲ್ಲಿ ಕಂಡರೆ ದಿನವೆಲ್ಲ ಮನಸ್ಸು ನಿರಾಳವಾಗಿರುತ್ತದೆ. ಆದರೆ ಆ ಚಿತ್ರವೇ ಹಠಾತ್ತನೆ ನಿಂತುಹೋದರೆ ಕೆಟ್ಟಿರುವುದು ಯಂತ್ರವೋ, ಮನೆಯವರಿಗೇ ಏನಾದರೂ ಆಗಿದೆಯೋ ಎಂಬ ಕಳವಳ ಸಹಜ. ಆದಕಾರಣ ಮೊದಲ ಕೆಲಸವೆಂದರೆ ಮನೆಗೆ ಫೋನ್ ಮಾಡುವುದು. ಅವರು ಕ್ಷೇಮವೆಂದು ತಿಳಿದ ಬಳಿಕ ಯಂತ್ರದ ವಿಚಾರ.

ಕೊಂಡಿ ಕಳಚಿರುವುದೆಲ್ಲಿ?

ಚಿತ್ರವು ಕ್ಯಾಮೆರಾದಿಂದ ಮನೆಯ ರೂಟರಿಗೆ, ಅಲ್ಲಿಂದ ಇಂಟರ್ನೆಟ್ ಮೂಲಕ ನಮ್ಮ ಫೋನಿಗೆ ಬರುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಪರಿಣಾಮ ಒಂದೇ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದಾಗ ಎಲ್ಲ ಲೆಡ್ಜರುಗಳನ್ನೂ ಒಮ್ಮೆಗೇ ತಿದ್ದುವುದಿಲ್ಲ. ಒಂದೊಂದಾಗಿ ನೋಡುತ್ತ ವ್ಯತ್ಯಾಸವಿರುವ ಪುಟವನ್ನು ಹಿಡಿಯುತ್ತೇವೆ. ಇಲ್ಲಿಯೂ ಅದೇ ಕ್ರಮ ಹಿತಕರ.

ಮೊದಲು ನಮ್ಮ ಫೋನನ್ನು ವೈ-ಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಬೇಕು. ಆಗಲೂ ಚಿತ್ರ ಬಾರದಿದ್ದರೆ, ಊರಿನ ಮನೆಯ ಫೋನಿನಲ್ಲಿ ಮೊಬೈಲ್ ಡೇಟಾ ನಿಲ್ಲಿಸಿ, ಅಲ್ಲಿನ ವೈ-ಫೈಯಲ್ಲಿ ವಾಟ್ಸಪ್ ನಡೆಯುವುದೇ ಎಂದು ಕೇಳಬೇಕು. ನಡೆಯದಿದ್ದರೆ ದೋಷ ರೂಟರಿನಲ್ಲಿ ಅಥವಾ ಇಂಟರ್ನೆಟ್ ಸಂಪರ್ಕದಲ್ಲಿ. ಅದು ನಡೆದು, ಒಂದು ಕ್ಯಾಮೆರಾ ಮಾತ್ರ ಕಾಣದಿದ್ದರೆ ಆ ಕ್ಯಾಮೆರಾದ ವಿದ್ಯುತ್ತನ್ನೂ ವೈ-ಫೈಯನ್ನೂ ಪರೀಕ್ಷಿಸಬೇಕು.

ವಿದ್ಯುತ್ತು

ಕರೆಂಟು ಹೋಗಿ ಬಂದ ಮೇಲೆ ಮೊದಲು ರೂಟರನ್ನು ಚಾಲೂ ಮಾಡಿ, ಅದರ ದೀಪಗಳು ಸ್ಥಿರವಾಗುವವರೆಗೆ ಕೆಲವು ನಿಮಿಷ ಕಾದು, ಅನಂತರ ಕ್ಯಾಮೆರಾಗಳನ್ನು ಆರಿಸಿ ಹಚ್ಚುವುದು ಸರಿಯಾದ ಕ್ರಮ. ಮಳೆಗಾಲದಲ್ಲಿ ಕ್ಯಾಮೆರಾಕ್ಕೆ ಇನ್ವರ್ಟರ್ ಇದ್ದು ರೂಟರಿಗೆ ಇಲ್ಲದಿದ್ದರೆ ದೂರದಿಂದ ನೋಡಲಾಗದು, ಎರಡಕ್ಕೂ ಇರಬೇಕು.

ಹಗಲಿನಲ್ಲಿ ಸರಿಯಾಗಿದ್ದು ಕತ್ತಲಾದೊಡನೆ ಮತ್ತೆ ಮತ್ತೆ ನಿಂತು ಆರಂಭವಾಗುವ ಕ್ಯಾಮೆರಾಗಳುಂಟು. ಕತ್ತಲಲ್ಲಿ ನೋಡಲು ಅದರೊಳಗಿನ ಅವಗೆಂಪು ದೀಪಗಳು ಬೆಳಗುವುದರಿಂದ ರಾತ್ರಿ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ದುರ್ಬಲ ಅಡಾಪ್ಟರ್ ಆ ಭಾರವನ್ನು ತಾಳಲಾರದು. ಕ್ಯಾಮೆರಾದ ಮೇಲೆ ಬರೆದಿರುವ ವೋಲ್ಟೇಜನ್ನೇ ನೀಡುವ, ಬೇಕಾದಷ್ಟು ಆಂಪಿಯರ್ ಸಾಮರ್ಥ್ಯವುಳ್ಳ ಅಡಾಪ್ಟರನ್ನು ಹಾಕಿದರೆ ಸಾಕು. ಹೊಸ ಕ್ಯಾಮೆರಾ ಕೊಳ್ಳಬೇಕಾಗಿಲ್ಲ.

ವೈ-ಫೈ

5 ಗಿಗಾಹರ್ಟ್ಸ್ ವೈ-ಫೈ ವೇಗವಾದುದಾದರೂ ಹಳೆಯ ಮನೆಗಳ ದಪ್ಪ ಗೋಡೆಗಳನ್ನು ದಾಟುವಲ್ಲಿ ಸೋಲುತ್ತದೆ, 2.4 ಗಿಗಾಹರ್ಟ್ಸ್ ಹೆಚ್ಚು ದೂರ ಹೋಗುತ್ತದೆ. ಅನೇಕ ಗೃಹಬಳಕೆಯ ಕ್ಯಾಮೆರಾಗಳು ಎರಡನೆಯದನ್ನು ಮಾತ್ರ ಬಲ್ಲವು. ರೂಟರನ್ನು ಬದಲಾಯಿಸಿದಾಗ ಕ್ಯಾಮೆರಾಗಳೆಲ್ಲ ಕಾಣದಾದರೆ, ಹೊಸ ರೂಟರಿಗೂ ಹಳೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಕೊಟ್ಟುನೋಡಿರಿ. ಹೆಚ್ಚಾಗಿ ಅವು ತಾವಾಗಿಯೇ ಸೇರಿಕೊಳ್ಳುತ್ತವೆ. ತಂತಿಯ ಕ್ಯಾಮೆರಾ ಆಗಿದ್ದರೆ ನೆಟ್‌ವರ್ಕ್ ಕೇಬಲಿನ ಉದ್ದ 100 ಮೀಟರನ್ನು ಮೀರಬಾರದು.

ತಡೆದು ತಡೆದು ಬರುವ ಚಿತ್ರ

ಇದು ಬಹುಮಟ್ಟಿಗೆ ಲೆಕ್ಕಾಚಾರದ ವಿಷಯ. 1080 ಗೆರೆಗಳ ಚಿತ್ರಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಎಂದಿಟ್ಟುಕೊಂಡರೆ ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ನೋಡಲು 12 ಮೆಗಾಬಿಟ್ ಬೇಕು. ಇಲ್ಲಿ ಗಣನೆಗೆ ಬರುವುದು ಊರಿನ ಮನೆಯಿಂದ ಹೊರಹೋಗುವ ಅಪ್‌ಲೋಡ್ ವೇಗ. ಅದು 10 ಮೆಗಾಬಿಟ್ ಮಾತ್ರ ಇದ್ದರೆ ಚಿತ್ರ ತಡವರಿಸದೆ ಇರದು. ಸೆಕೆಂಡಿಗೆ 25 ಚಿತ್ರಗಳ ಬದಲು 15 ಇಟ್ಟುಕೊಳ್ಳುವುದು, ಅನುಕೂಲವಿದ್ದಲ್ಲಿ ಎಚ್.264 ಬಿಟ್ಟು ಎಚ್.265 ಆರಿಸುವುದು, ಒಮ್ಮೆಗೆ ಒಂದೇ ಕ್ಯಾಮೆರಾ ನೋಡುವುದು ಪರಿಹಾರಗಳು.

ಇದೇ ಲೆಕ್ಕದಂತೆ ಒಂದು ಕ್ಯಾಮೆರಾದ ನಿರಂತರ ಮುದ್ರಣಕ್ಕೆ ದಿನಕ್ಕೆ ಸುಮಾರು 43 ಜಿ.ಬಿ. ಸ್ಥಳ ಬೇಕು. 128 ಜಿ.ಬಿ. ಕಾರ್ಡು ಮೂರು ದಿನಗಳಿಗೂ ಸಾಲದು. ಅನಂತರ ಹಳೆಯದು ಅಳಿಸಿಹೋಗುತ್ತದೆ. ಕಳೆದ ವಾರ ಅಂಗಳಕ್ಕೆ ಬಂದವರಾರೆಂದು ಇಂದು ನೋಡಹೊರಟರೆ ನಿರಾಶೆಯೇ ಗತಿ.

ಕೊನೆಯ ಉಪಾಯ

ಕಾರ್ಖಾನೆಯ ಮೂಲಸ್ಥಿತಿಗೆ ತರುವ ಗುಂಡಿಯನ್ನು ಎಲ್ಲಕ್ಕೂ ಕೊನೆಯಲ್ಲಿ ಒತ್ತಬೇಕು. ಅದು ನಾವು ಮಾಡಿಟ್ಟ ವ್ಯವಸ್ಥೆಯನ್ನೆಲ್ಲ ಅಳಿಸಿಬಿಡುತ್ತದೆ. ಆ ಬಳಿಕ ಹೊಸ ಪಾಸ್‌ವರ್ಡನ್ನು ತಪ್ಪದೆ ಇಡಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡುಗಳನ್ನೇ ಬಳಸಿ ಜಗತ್ತಿನಾದ್ಯಂತ ಅಸಂಖ್ಯ ಕ್ಯಾಮೆರಾಗಳನ್ನೂ ರೂಟರುಗಳನ್ನೂ ವಶಪಡಿಸಿಕೊಂಡಿತ್ತು. ನಮ್ಮ ಮನೆಯೊಳಗನ್ನು ಪರರು ನೋಡುವಂತಾಗಬಾರದು.

ತಿಂಗಳಿಗೊಮ್ಮೆ ಹಿಂದಿನ ದಿನದ ಮುದ್ರಣವನ್ನು ತೆರೆದು ನೋಡುವುದು, ಕ್ಯಾಮೆರಾ ತೋರಿಸುವ ದಿನಾಂಕ ಹಾಗೂ ವೇಳೆಯನ್ನು ಸರಿಪಡಿಸುವುದು, ಗಾಜಿನ ಮುಂದಿನ ಜೇಡರ ಬಲೆಯನ್ನು ಒರೆಸಿಸುವುದು ಒಳ್ಳೆಯ ಅಭ್ಯಾಸ. ಹಿರಿಯರ ಸಮ್ಮತಿಯಿಲ್ಲದೆ ಕ್ಯಾಮೆರಾ ಇಡಬಾರದು. ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ಜಾರಿಬಿದ್ದವರನ್ನು ಕ್ಯಾಮೆರಾ ತೋರಿಸೀತೇ ಹೊರತು ಎತ್ತಿ ಕೂರಿಸಲಾರದು. ನೆರೆಮನೆಯವರ ಮತ್ತು ಊರಿನ ವೈದ್ಯರ ಫೋನ್ ನಂಬರುಗಳನ್ನು ಇಂದೇ ಬರೆದಿಟ್ಟುಕೊಳ್ಳಿರಿ. ಊರಿಗೆ ಹೋದಾಗ ಆ ನೆರೆಯವರೊಡನೆ ಎರಡು ಮಾತನಾಡಿ ಬರುವುದನ್ನೂ ಮರೆಯದಿರಿ.